ಹುಳುಗಳಿಗೆ ಹೇಳಿದ ಕರಡಿ ಕಥೆ

ಸಾತನೂರು, ಭಾನುವಾರ

ಅಂಗನವಾಡಿ ಗಿರಿಜಾಂಬ ಮಿಸ್‌ಗೆ ಧನುಶ್ರೀ ತಾಯಿ ಚೈತ್ರ ಮಾಡೋ ನಮಸ್ಕಾರ.

ಧನು ಅಂಗನವಾಡೀಲಿ ಬಾಯೇ ಬಿಡಲ್ಲ, ಡಾಕ್ಟರ್‌ಗೆ ತೋರಿಸಿ ಅಂದಿದ್ರಿ. ಅದಕ್ಕೂ ಮುಂಚೆ ಒಂದ್ಸಲ ನಮ್ಮನೆಗೆ ಬನ್ನಿ ಮಿಸ್. ನೀವು ಹೇಳಿದ ಕರಡಿ ಕಥೆನ ಅವಳು ದಿನಾ ರೇಷ್ಮೆ ಹುಳುಗಳಿಗೆ ಹೇಳ್ತಾಳೆ. ಕರಡಿಗೆ ಹೊಟ್ಟೆನೋವು ಬಂದಿದ್ದು ನಿಮ್ಮ ಕಥೇಲೂ ಐತಾ, ಇಲ್ಲ ಅವಳೇ ಸೇರಿಸಿದ್ಲಾ?

ರೋಗ ತಗಲುತ್ತೆ ಅಂತ ಹುಳದ ಮನೆಗೆ ನಮ್ಮತ್ತೆ ಹೊರಗಿನೋರ್ನ ಬಿಡಲ್ಲ. ನಿಮಗೆ ಮಾತ್ರ ಒಪ್ಪಿದ್ದಾರೆ. ಕಾಲು ತೊಳ್ಕೊಂಡು ಬಾಗಿಲ ಮರೇಲಿ ನಿಂತ್ಕೊಳ್ಳಿ, ಸಾಕು. ಬುಧವಾರದೊಳಗೆ ಬನ್ನಿ, ಆಮೇಲೆ ಹುಳ ಗೂಡು ಕಟ್ಕೊಂಬುಡ್ತವೆ.

ಆಗ ಕಥೆ ಯಾರಿಗವ್ವಾ ಹೇಳ್ತೀಯ ಅಂತ ಧನೂನ ಕೇಳಿದೆ. ಬೇಜಾರ್ ಮಾಡ್ಕೋಬೇಡಿ, ಅವಳು ಅಂದಂಗೇ ಬರೀತೀನಿ: "ಮಿಸ್ಸೂ ಹುಳದಂಗೆ ಸುಮ್ಕೆ ಕೇಳುದ್ರೆ, ಮಿಸ್‌ಗೇ."

ನಿಮ್ಮ ದಾರಿ ಕಾಯ್ತಾ,
ಚೈತ್ರ