ಹೆಬ್ಬೆರಳಿನ ಚಿತ್ರ ಬರೆಯಲಿರುವ ಅಂದಾನಪ್ಪನವರಿಗೆ

ಫೆಬ್ರವರಿ ೩೦, ೨೨೧೪

ಅಂದಾನಪ್ಪನವರೇ, ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ರಜೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಶುರುವಾಗಿ ಎರಡೇ ವರ್ಷವಾಯಿತು. ಖಂಡಿತ ತಲುಪುತ್ತದೆಯೇ ಎಂದು ಕೇಳಿದರೆ ಅಲ್ಲಿಯ ಗುಮಾಸ್ತೆ ಮುಖ ತಿರುಗಿಸುತ್ತಾಳೆ. ಆದರೂ ಬರೆಯುತ್ತಿದ್ದೇನೆ. ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಇದು ಮೌನವಾರ. ಸೂರ್ಯನಲ್ಲಿ ಬಿರುಗಾಳಿ ಎದ್ದಾಗ ತಾನ್‌ಹಾರಿಗಳು, ಅಂದರೆ ಮನುಷ್ಯರ ಕೈ ಬೇಡದ ನಮ್ಮ ವಿಮಾನಗಳು, ದಿಕ್ಕು ತಪ್ಪುತ್ತವೆ. ಏಳು ದಿನ ಒಂದೂ ಮೇಲೇಳುವಂತಿಲ್ಲ. ಹಿನ್ನೀರಿನಾಚೆಯ ಊರಿನಲ್ಲಿ ಮಕ್ಕಳಿಗೆ ಗಂಟಲುಬೇನೆ ಹರಡಿದೆ, ಔಷಧ ಮುಗಿದಿದೆ. ಈಗ ಹಾರಬಲ್ಲದ್ದು ತಂತಿ ಎಳೆದು ತಿರುಗಿಸುವ ಒಂದೇ ವಿಮಾನ, ನಿಮ್ಮ ಕಾಲದಲ್ಲಿ ನೀವೇ ರಿಪೇರಿ ಮಾಡುತ್ತಿರುವ ಆ ಎರಡು ಸೀಟಿನ ಮುದುಕಿ. ನಾಳೆ ಬೆಳಿಗ್ಗೆ ಅದನ್ನು ಹಾರಿಸುವವಳು ನನ್ನ ಮಗಳು ನೀಲಾಂಬಿಕೆ.

ಹಾರಿಸುವವರು ಎರಡು ಕೈಯಲ್ಲಿ ಹಿಡಿದು ತಿರುಗಿಸುವ ಹಿಡಿ, ನೀವು ಕಂಟ್ರೋಲ್ ಯೋಕ್ ಎನ್ನುವುದನ್ನು ನಾವು ಕೈನೊಗ ಎನ್ನುತ್ತೇವೆ. ಎರಡು ಸೀಟಿನವೂ ಬಿರುಕು ಬಿಟ್ಟಿದ್ದವು. ಸಂಗ್ರಹಾಲಯದವರ ಕಾಲು ಹಿಡಿದು ಬೇರೆ ಜೋಡಿ ತಂದೆ. ಅವುಗಳ ದಂಡ ಕೂರಿಸಲು ಸರಪಳಿ ಬಿಚ್ಚಿದೆ, ರೆಕ್ಕೆಗಳಿಗೆ ಹೋಗುವ ತಂತಿ ಬಿಚ್ಚಿದೆ, ಮತ್ತೆ ಕಟ್ಟಿದೆ. ಕೈನೊಗವನ್ನು ಬಲಕ್ಕೆ ತಿರುಗಿಸಿದರೆ ಬಲ ರೆಕ್ಕೆಯ ಹಿಂದಂಚಿನ ಪಟ್ಟಿ ಏಳಬೇಕು. ನಾನು ಒಳಗೆ ಕೂತು ತಿರುಗಿಸಿದೆ. ನನ್ನ ಗಂಡ ಕಲ್ಲೇಶ ಹೊರಗೆ ನಿಂತು, ಬಲಗಡೆಯದು ಎದ್ದಿತು, ಎಲ್ಲ ಸರಿ ಇದೆ ಎಂದು ಕೂಗಿ ಊಟಕ್ಕೆ ಹೋದ. ಊಟದ ವಿಷಯದಲ್ಲಿ ಅವನು ತಡಮಾಡಿದ್ದನ್ನು ನಾನು ಕಂಡಿಲ್ಲ.

ಸೀಟಿನ ಮುಂದಿನ ಫಲಕ ಮುಚ್ಚುವ ಮೊದಲು ಅದರ ಒಳಮೈಯ ದೂಳು ಒರೆಸಿದೆ. ಅಲ್ಲಿ ಪೆನ್ಸಿಲ್ಲಿನ ಚಿತ್ರವೊಂದಿತ್ತು: ನೊಗ ಹಿಡಿದ ಎರಡು ಕೈ, ಮೇಲೆತ್ತಿದ ಹೆಬ್ಬೆರಳು. ಕೆಳಗೆ, ಹೆಬ್ಬೆರಳು ವಾಲಿದ ಕಡೆಯ ಪಟ್ಟಿ ಏಳಬೇಕು ಎಂಬ ಬರಹ, ನಿಮ್ಮ ಹೆಸರು, ಯೋಕ್ ಬದಲಿಸಿದ ತಾರೀಖು. ಸುಮ್ಮನೆ ಹಾಗೇ ಹಿಡಿದು ತಿರುಗಿಸಿ ಕಿಟಕಿಯಿಂದ ನೋಡಿದೆ. ಹೆಬ್ಬೆರಳು ಬಲಕ್ಕೆ ವಾಲಿತು, ಪಟ್ಟಿ ಎಡಗಡೆ ಎದ್ದಿತು. ಕಲ್ಲೇಶ ನಿಂತಿದ್ದು ವಿಮಾನದ ಮೂತಿಗೆ ಎದುರಾಗಿ. ಅವನು ಹೇಳಿದ್ದು ಅವನ ಬಲ. ತಂತಿಗಳನ್ನು ನಾನು ಅದಲು ಬದಲು ಕಟ್ಟಿದ್ದೆ. ಹಾಗೇ ಹಾರಿದ್ದರೆ, ನೀಲಾಂಬಿಕೆ ಬಲಕ್ಕೆ ತಿರುಗಿಸಿದಾಗ ವಿಮಾನ ಎಡಕ್ಕೆ ಮಗುಚುತ್ತಿತ್ತು.

ಬಿಚ್ಚಿ ಸರಿಯಾಗಿ ಕಟ್ಟಿದ್ದೇನೆ. ನೀಲಾಂಬಿಕೆಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. "ಅವ್ವಾ, ನೀ ಸೀಟಿನಾಗ ಕೂಡು, ರೆಕ್ಕಿ ಹತ್ರ ನಾ ನಿಲ್ತೀನಿ. ಹಾರಾಕಿ ನಾನು, ನೋಡಾಕಿನೂ ನಾನ," ಎಂದಳು. ಹತ್ತು ಸಲ ನೋಡಿದೆವು. ಹತ್ತು ಸಲವೂ ಸರಿಯಿತ್ತು. ಆದರೂ ನನ್ನ ಹೆಬ್ಬೆರಳುಗಳು ತಾವಾಗಿಯೇ ಏಳುತ್ತಿವೆ, ಪೆನ್ನು ಹಿಡಿದಾಗಲೂ.

ನನ್ನ ತಳಮಳ ಈಗ ನಿಮ್ಮ ಬಗ್ಗೆ. ಲೆಕ್ಕ ಸರಿಯಿದ್ದರೆ ಈ ಕಾಗದ ತಲುಪುವ ದಿನ ನೀವೂ ಅದೇ ವಿಮಾನದ ಯೋಕ್ ಬದಲಿಸಿ ಮುಗಿಸಿರುತ್ತೀರಿ. ಫಲಕ ಕೈಯಲ್ಲಿರುತ್ತದೆ. ಮನೆಗೆ ಹೋಗುವ ಅವಸರವೂ ಇರಬಹುದು. ಮುಚ್ಚಿದ ಮೇಲೆ ಒಳಗಿನದನ್ನು ಯಾರು ನೋಡುತ್ತಾರೆ ಎಂದು ಅನ್ನಿಸಬಹುದು.

ನಾನು ನೋಡುತ್ತೇನೆ. ದಯವಿಟ್ಟು ಸ್ಕ್ರೂ ಕೆಳಗಿಡಿ, ಪೆನ್ಸಿಲ್ ತೆಗೆದುಕೊಳ್ಳಿ. ಒತ್ತಿ ಬರೆಯಿರಿ.

ಇತಿ,
ಶಿವಗಂಗಾ
ನೀಲಾಂಬಿಕೆಯ ತಾಯಿ