ಮಗ್ಗ ಹಿಡಿಸದ ಮನೆ

ಜೂನ್ 11, ಬೆಳಿಗ್ಗೆ

ನಲ್ಲಿ ಇಂದೂ ಬರಲಿಲ್ಲ. ಬಾಗಿಲಲ್ಲಿ ಕೊಡಗಳು, ಕೊಡಗಳ ಹಿಂದೆ ಹೆಂಗಸರು. ಪಟ್ಟಣ ಪಂಚಾಯಿತಿ ಮೆಂಬರ್ ಆದಾಗಿನಿಂದ ಮಳೆ ಬಾರದಿದ್ದರೂ ನನ್ನನ್ನೇ ಕೇಳುತ್ತಾರೆ. ಅತ್ತೆ ಒಳಗಿನಿಂದ ಉರ್ದುವಿನಲ್ಲಿ ಬೈಯುತ್ತಿದ್ದರು — ನನ್ನನ್ನೋ, ಪಂಚಾಯಿತಿಯನ್ನೋ ತಿಳಿಯಲಿಲ್ಲ. ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಬರೆಯಲು ಭಯವಿಲ್ಲ.

ಎಲ್ಲರೂ ಹೋದ ಮೇಲೆ ಯರ್ರಮ್ಮ ಉಳಿದಳು. ಮೂಲೆ ಬೀದಿಯ ನೇಕಾರಳು. ಅವಳಿಗೂ ಗಂಡ ಜಂಪಣ್ಣನಿಗೂ ಸೇರಿ ಒಂದೇ ಮಗ್ಗ. ರಸ್ತೆ ಅಗಲೀಕರಣಕ್ಕೆ ಅವರ ಸಾಲು ಪೂರ್ತಿ ಹೋಗುತ್ತದೆ. ಬದಲಿಗೆ ಗುಡ್ಡದ ಬುಡದಲ್ಲಿ ಸರ್ಕಾರಿ ಮನೆ.

“ಮನೆ ಕೊಡ್ತಾರೆ, ಸರಿ ಅಕ್ಕಾ. ಮಗ್ಗ ಎಲ್ಲಿ ಹಾಕ್ಲಿ? ನಮ್ದು ಗುಂಡಿ ಮಗ್ಗ. ನೆಲ ತೋಡಿ ಕಾಲು ಇಳಿಬಿಟ್ಟು ಕೂತ್ರೇನೇ ಸೀರೆ.”

“ವಸತಿ ಸಮಿತಿ ಶಾಸಕರು ಶುಕ್ರವಾರ ಬರ್ತಾರೆ. ಮೀಟಿಂಗ್‌ನಾಗೆ ಕೇಳ್ತೀನಿ.”

“ಅಡುಗಕ್ಕಾ, ಕೇಳಕ್ಕಾ, ತಪ್ಪದೆ ಕೇಳು.” ಗಾಬರಿಯಾದರೆ ಅವಳಿಗೆ ತೆಲುಗು ಬರುತ್ತದೆ.

ಜೂನ್ 14, ಸಂಜೆ

ಬೆಂಗಳೂರಿನಿಂದ ಇಬ್ಬರು ಶಾಸಕರು. ಒಬ್ಬರು ಹಿರಿಯರು, ದಪ್ಪ ಕನ್ನಡಕ. ಇನ್ನೊಬ್ಬರು ಕಿರಿಯರು, ಕೈಯಲ್ಲಿ ಮೊಬೈಲ್. ನಮ್ಮ ಮೊಳಕಾಲ್ಮೂರಿನ ಪಂಚಾಯಿತಿ ಹಾಲಿನೊಳಗೆ ಸಿಗ್ನಲ್ ಸಿಗುವುದಿಲ್ಲ, ಆದರೂ ಹಿಡಿದೇ ಇದ್ದರು. ಅಧ್ಯಕ್ಷ ಮುದ್ದಪ್ಪ ಹಾರ ಹಾಕುವುದರಲ್ಲೇ ಅರ್ಧ ಹೊತ್ತು ಕಳೆದರು. ಆಮೇಲೆ ಚರಂಡಿ, ಬೀದಿ ದೀಪ, ಹಂದಿ ಕಾಟ, ಬಸ್ ಸ್ಟ್ಯಾಂಡು... ನನ್ನ ಸರದಿಗೆ ಸರಿಯಾಗಿ ಉಪ್ಪಿಟ್ಟು ಬಂತು. ಎದ್ದು ನಿಂತೇಬಿಟ್ಟೆ. ಯರ್ರಮ್ಮನ ಮಗ್ಗದ ಮಾತು ಹೇಳಿದೆ.

ಹಿರಿಯರು ಚಮಚ ಕೆಳಗಿಟ್ಟು ಪೂರ್ತಿ ಕೇಳಿದರು.

“ನೇಕಾರರಿಗೆ ಮಗ್ಗ ಬಿಟ್ಟು ಮನೆ ಕೊಟ್ರೆ ಏನು ಬಂತಮ್ಮಾ? ಒಂದು ಕೋಣೆ ಜಾಸ್ತಿ ಕಟ್ಟಿಸೋಣ. ಇದು ನನ್ನ ಮಾತು.”

ಅಲ್ಲಿಂದ ನೇರ ಮೂಲೆ ಬೀದಿಗೆ. ಬೀದಿಯವರೆಲ್ಲ ರಸ್ತೆಗೆ ಅಡ್ಡ ಕೂರುವ ತಯಾರಿಯಲ್ಲಿದ್ದರು. “ಬ್ಯಾಡ. ಶಾಸಕರೇ ಒಪ್ಕೊಂಡವ್ರೆ,” ಎಂದೆ. ಯರ್ರಮ್ಮ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಯಾರೂ ಅಡ್ಡ ಕೂರಲಿಲ್ಲ.

ಆಗಸ್ಟ್ 2

ಜೆಸಿಬಿ ಬಂತು. ಯರ್ರಮ್ಮನ ಮಗ್ಗದ ಮೇಲೆ ಗಿಳಿಹಸಿರು ಸೀರೆ, ಕೆಂಪು ಅಂಚು. ಒಡಲು ಮುಗಿದಿತ್ತು, ಸೆರಗು ಬಾಕಿ.

“ಇದೊಂದು ಇಳಿಸ್ಕೊಂಬಿಡ್ತೀನಿ ಸ್ವಾಮಿ, ಆಮ್ಯಾಲೆ ಕೆಡವ್ರಿ,” ಎಂದು ಜಂಪಣ್ಣ ಇಂಜಿನಿಯರ್ ಮುಂದೆ ಕೈ ಮುಗಿದ. ನಾನೂ ಹೇಳಿದೆ. ಇಂಜಿನಿಯರ್ ನನಗೆ ನಮಸ್ಕಾರ ಮಾಡಿದರು, ತುಂಬ ಮರ್ಯಾದೆಯಿಂದ. ಮಷೀನು ವಾಪಸ್ ಕಳಿಸಿದರೆ ಮತ್ತೆ ಸಿಗುವುದಿಲ್ಲ ಮೇಡಂ, ಎಂದರು.

ಜಂಪಣ್ಣ ಇನ್ನೂ ಬೇಡುತ್ತಲೇ ಇದ್ದ. ಯರ್ರಮ್ಮ ಒಳಗೆ ಹೋಗಿ ಕುಡುಗೋಲು ತಂದಳು. ತಾನೇ ಮಗ್ಗದ ಹಾಸುನೂಲು ಕತ್ತರಿಸಿದಳು. ಬಿಗಿಯಾಗಿದ್ದ ಎಳೆಗಳು ಸರ್ರನೆ ಮುದುಡಿಕೊಂಡವು. ಅವಳ ಲಾಳಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ನಾನು ನಿಂತಿದ್ದೆ. ಜಂಪಣ್ಣ ಮಗ್ಗದ ಮರಗಳನ್ನು ಬಿಚ್ಚಿ ಹೊರಗೆಳೆದ. ಗೋಡೆ ಬಿತ್ತು. ಗುಂಡಿಯಷ್ಟೇ ಉಳಿಯಿತು. ಜೆಸಿಬಿ ಅದಕ್ಕೂ ಮಣ್ಣು ತಳ್ಳಿತು.

ಆಗಸ್ಟ್ 3

ಬರೆಯಲು ಏನೂ ಇಲ್ಲ.

ನವೆಂಬರ್ 20

ಗುಡ್ಡದ ಬುಡಕ್ಕೆ ಹೋಗಿದ್ದೆ. ಜೊತೆಗೆ ಯರ್ರಮ್ಮ, ಜಂಪಣ್ಣ. ಮನೆ ಬಿದ್ದಾಗಿನಿಂದ ಅವರು ದೇವಸಮುದ್ರದಲ್ಲಿ ಅವಳ ತಂಗಿ ಮನೆಯ ಕುರಿ ಹಟ್ಟಿಯ ಪಕ್ಕ ಮಲಗುತ್ತಿದ್ದಾರೆ. ಮನೆಗಳು ಮೇಲ್ಛಾವಣಿ ಮಟ್ಟಕ್ಕೆ ಬಂದಿವೆ. ಒಂದು ಕೋಣೆ, ಒಂದು ಅಡುಗೆ ಮೂಲೆ. ಅಷ್ಟೇ. ಹೆಚ್ಚಿನ ಕೋಣೆ ಯಾವ ಮನೆಗೂ ಇಲ್ಲ.

“ಪ್ಲಾನ್ ಎಲ್ಲಾ ಕಡೆ ಒಂದೇ ಮೇಡಂ,” ಎಂದ ಕಂಟ್ರಾಕ್ಟರ್.

ಜಂಪಣ್ಣ ಹಾರೆ ತಗೊಂಡು ಇರುವ ಕೋಣೆಯ ನೆಲಕ್ಕೇ ಹಾಕಿದ. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಬಂಡೆ. ಕಿಡಿ ಹಾರಿತು. ಜಾಗ ಬದಲಿಸಿ ಹಾಕಿದ. ಮತ್ತೆ ಬಂಡೆ. ಇಡೀ ಗುಡ್ಡವೇ ಒಳಗೆ ಕಾಲು ಚಾಚಿ ಮಲಗಿದೆ.

“ಸಾಕು ಬಿಡ್ರಿ,” ಎಂದಳು ಯರ್ರಮ್ಮ. “ಹಾರೆ ಮೊಂಡಾಗ್ತೈತೆ.”

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಅನ್ವರ್‌ಗೆ ಹೇಳಿದೆ. ಇಪ್ಪತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದ ಮನುಷ್ಯ. “ನೀನು ಬೋರ್‌ವೆಲ್ ಸರಿ ಮಾಡ್ಸು. ಅದು ನಿನ್ ಕೈಲಾಗ್ತೈತೆ. ಬಂಡೆ ಜೊತೆ ಯಾಕೆ ಜಗಳ?” ಕೋಪ ಬಂತು.

ಡಿಸೆಂಬರ್ 9

ಚಳ್ಳಕೆರೆ ಪ್ರವಾಸಿ ಮಂದಿರ. ಅದೇ ಇಬ್ಬರು ಶಾಸಕರು, ಈ ಸಲ ಎರಡೂ ಊರಿನ ಮೆಂಬರುಗಳ ಜೊತೆ ಸಭೆ. ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.

ಹಿರಿಯರಿಗೆ ನನ್ನ ಗುರುತು ಸಿಕ್ಕಿತು. ಅದಕ್ಕೇ ಸಂತೋಷವಾಯಿತು, ಒಂದು ಕ್ಷಣ.

“ನೆನಪಿದೆಯಮ್ಮಾ. ಆದ್ರೆ ಮಗ್ಗದ ಕೋಣೆ ಜವಳಿ ಇಲಾಖೆ ಕೊಡ್ಬೇಕು. ನಮ್ಮದು ವಸತಿ.”

ಕಿರಿಯರು, “ಮಗ್ಗ ಇರೋ ಮನೆಗೆ ಮಾತ್ರ ಜವಳಿಯವರು ಕೋಣೆ ಕೊಡ್ತಾರೆ,” ಎಂದರು.

“ಕೋಣೆ ಇಲ್ದೆ ಮಗ್ಗ ಹೆಂಗೆ ಹಾಕ್ತಾರೆ ಸರ್?”

“ಅದೇ ಅಲ್ವಾ ಸಮಸ್ಯೆ,” ಎಂದರು. ತಮಾಷೆಗಲ್ಲ. ನಿಜವಾಗಿಯೂ ಬೇಸರದಿಂದ ಹೇಳಿದರು. ಯಾರಾದರೂ ಗದರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು.

ಮುದ್ದಪ್ಪ ಪಕ್ಕದಿಂದ ಪಿಸುಗುಟ್ಟಿದರು — “ಕೂತ್ಕಳಮ್ಮಾ, ಬಸ್ ಸ್ಟ್ಯಾಂಡ್ ವಿಷ್ಯ ಕೆಟ್ಟೋಗ್ತೈತೆ.”

ಕೂತೆ.

ಫೆಬ್ರವರಿ 16, ಮಧ್ಯಾಹ್ನ

ಗೃಹಪ್ರವೇಶದ ಫಂಕ್ಷನ್. ಶಾಮಿಯಾನ, ಮೈಕು. ನಮ್ಮ ವಾರ್ಡಿನಿಂದ ಮೊದಲ ಬೀಗದ ಕೈ ಯರ್ರಮ್ಮನಿಗೆ. ಹಿರಿಯ ಶಾಸಕರು ಮೈಕನ್ನು ಅವಳ ಬಾಯಿಗೆ ಹಿಡಿದರು.

“ಹೇಳಮ್ಮಾ, ಮನೆ ಹೇಗಿದೆ?”

ಅವಳು ಮೊದಲು ಜಂಪಣ್ಣನನ್ನು ನೋಡಿದಳು. ಆಮೇಲೆ ಸ್ಟೇಜಿನ ತುದಿಯಲ್ಲಿ ನಿಂತಿದ್ದ ನನ್ನನ್ನು. ಹೇಳಿಬಿಡು ಎಂದು ಮನಸ್ಸಿನಲ್ಲೇ ಕೂಗಿದೆ. ಬಂಡೆ, ಗುಂಡಿ, ಎಲ್ಲ ಹೇಳಿಬಿಡು...

“ಚೆನ್ನಾಗೈತೆ ಸ್ವಾಮಿ. ನಮ್ ರುಕ್ಸಾನಕ್ಕ ಓಡಾಡಿ ಕೊಡಿಸವ್ರೆ.”

ಚಪ್ಪಾಳೆ. ಶಾಸಕರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಫೋಟೋ ತೆಗೆದರು.

ಜನ ಕರಗಿದ ಮೇಲೆ ಅವಳ ಹತ್ತಿರ ಹೋದೆ. ಮಗ್ಗದ ಮರಗಳನ್ನು ಹೊಸ ಮನೆಯ ಹಿಂಗೋಡೆಗೆ ಒರಗಿಸುತ್ತಿದ್ದಳು.

“ಹಂಗ್ಯಾಕೆ ಅಂದೆ?”

“ಇನ್ನೇನ್ ಅನ್ಲಿ ಅಕ್ಕಾ? ಅಷ್ಟು ಜನದ ಮುಂದೆ ನಿನ್ ಮಾತು ಬೀಳ್ತಿತ್ತಲ್ಲ.”

ಮರದ ಇನ್ನೊಂದು ತುದಿ ಹಿಡಿದೆ, ಎತ್ತಲು.

ಫೆಬ್ರವರಿ 17, ಬೆಳಿಗ್ಗೆ

ಗಂಡ ಹೆಂಡತಿ ಇಬ್ಬರೂ ಇಂದು ಚಳ್ಳಕೆರೆಗೆ. ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಚೀಲದ ಕೆಲಸ. ಉಳಿಯುವುದೂ ಅಲ್ಲೇ, ಮಿಲ್ಲಿನ ಶೆಡ್ಡಿನಲ್ಲಿ. ಹೊಸ ಮನೆಗೆ ಬೀಗ. ಬೀಗ ಹಾಕಿದ ಮನೆ ವಾಪಸ್ ತಗೊಳ್ಳುತ್ತಾರಂತೆ — ಅದನ್ನು ಅವಳಿಗೆ ಹೇಳಲೂ ಆಗದು. ಹೇಳದೆ ಇರಲೂ ಆಗದು. ಬಸ್ಸು ಹೊರಡುವ ಮೊದಲು ಸ್ಟ್ಯಾಂಡಿಗೆ ಹೋಗುತ್ತೇನೆ. ಹೋಗಿ, ಏನೆಂದು ಹೇಳಲಿ?