ಬೀಟೆ ಹಾಳೆಯೊಳಗಿನ ಸೀಸ

ಚಾಮರಾಜನಗರ
ಮಂಗಳವಾರ, ೧೨-೧೧-೨೦೨೪

ಪ್ರೀತಿಯ ಫಹೀಮ್ ಭೈಯಾ,

ಅಸ್ಸಲಾಮು ಅಲೈಕುಂ. ನಿನ್ನ ಕೆಮ್ಮು ಹೇಗಿದೆ? ಕಾಡಿನ ಪಕ್ಕದ ಚಳಿ ಅದು, ಅಮ್ಮಿ ಕಳಿಸಿದ ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯ ತಾನೆ? ಇಲ್ಲಿ ಅಮ್ಮಿಯ ಮಂಡಿನೋವು ಪರವಾಗಿಲ್ಲ. ಅಬ್ಬಾ ಮಾತ್ರ ಸರಿಯಾಗಿ ಊಟ ಮಾಡುತ್ತಿಲ್ಲ. ಫೋನ್ ಇರುವಾಗ ಇವಳೇಕೆ ಪತ್ರ ಬರೆದಳು ಎಂದು ನಗಬೇಡ. ನಿಮ್ಮ ರೆಸಾರ್ಟಿನಲ್ಲಿ ಕೆಲಸದವರ ಫೋನೆಲ್ಲ ಆಫೀಸಿನಲ್ಲೇ ಇಟ್ಟುಕೊಳ್ಳುತ್ತಾರೆ. ನಾನು ಮಾಡಿದಾಗಲೆಲ್ಲ ಎತ್ತಿದ್ದು ನಿಮ್ಮ ಯಜಮಾನ ಸುಧಾಕರನೇ. ಅವನ ಕಿವಿಗೆ ಬೀಳಬಾರದ್ದನ್ನು ಬರೆಯುತ್ತಿದ್ದೇನೆ. ಕನ್ನಡದಲ್ಲೇಕೆ ಎಂದರೆ, ಅಬ್ಬಾಗೆ ಕನ್ನಡ ಓದಲು ಬರುವುದಿಲ್ಲ. ನಿನಗೆ ಏನೂ ತಿಳಿಸಬೇಡ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ದಸರಾ ಕಳೆದ ಮೇಲೆ ಸುಧಾಕರ್ ಜೀಪಿನಲ್ಲಿ ಒಂದು ಬೀಟೆ ಹಲಗೆ ತಂದ. ಒಂದು ಬದಿಯಲ್ಲಿ ಇನ್ನೂ ತೊಗಟೆ ಇತ್ತು. "ನಮ್ ಜಮೀನಲ್ಲೇ ಬಿದ್ದಿದ್ದ ಹಳೇ ಮರ ಕಣ್ ಸಾಬ್ರೇ. ಇದ್ರಲ್ಲೇ ಹಾಳೆ ಸೀಳಿ, ನಂಗೇ ಅಂತ ಒಂದು ಪೂಲ್ ಆಡೋ ಕೋಲು, ಕ್ಯೂ, ಮಾಡ್ಕೊಡಿ. ನಮ್ಮುಡ್ಗ ಫಹೀಮು ನಿಮ್ ಕೈಕೆಲ್ಸ ಬೋ ಹೊಗಳ್ತಾನೆ" ಅಂದ. ಅಬ್ಬಾ ಹಿಗ್ಗಿಹೋದರು. ಆದರೆ ಅವನು ಹೋದ ಮೇಲೆ ಹಲಗೆಗೆ ಕೆನ್ನೆ ಒತ್ತಿ, "ಇದು ಹಳೇ ಮರವಲ್ಲ ಬೇಟಿ, ಇನ್ನೂ ಹಸಿ" ಎಂದರು.

ನೀನು ಹೋದ ಮೇಲೆ ಹಾಳೆ ಸೀಳಿ ಅಂಟಿಸುವ ವೆನೀರ್ ಕೆಲಸವೆಲ್ಲ ನನ್ನದೇ ಆಗಿದೆ, ಗೊತ್ತಲ್ಲ. ನಾವು ಕಾಗದದಷ್ಟು ತೆಳ್ಳಗೆ ಸೀಳುತ್ತ ಹೋದೆವು. ಹಸಿಯಾದ್ದರಿಂದ ಹಾಳೆಗಳನ್ನು ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ ಒಣಗಿಸಿದೆ. ಒಣಗಿದ್ದನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡುವುದು ನನಗೆ ಯಾವಾಗಲೂ ಇಷ್ಟ. ಪಾಲಿಶ್ ಆದ ಮೇಲೆ ಬರುವ ಬಣ್ಣ ಆ ಒಂದು ಕ್ಷಣದಲ್ಲಿ ಕಾಣಿಸಿ ಮಾಯವಾಗುತ್ತದೆ. ನೇರಳೆ ಗೆರೆ ಓಡಿದ ಹಾಳೆಗಳನ್ನು ಕ್ಯೂ ಹಿಡಿಯ ಮೇಲೆ ಈಟಿಯಂತೆ ಕೂರಿಸುವ ಮೊನೆಗಳಿಗೆ ಆರಿಸಿಟ್ಟೆ. ಪಕ್ಕದಲ್ಲಿ ಬಿಳೀ ಮೇಪಲ್ ಮರದ ಹಾಳೆ ಬಂದರೆ ಎದ್ದು ಕಾಣುತ್ತಿತ್ತು. ಇಷ್ಟು ಒಳ್ಳೆಯ ಮರ ನಮ್ಮ ಅಂಗಡಿಗೆ ಬಂದೇ ಇರಲಿಲ್ಲ ಭೈಯಾ.

ತೊಗಟೆಯ ಕಡೆಗೆ ಬಂದಾಗ ಗರಗಸ ಕಿರುಚಿತು. ಹೊಸ ಬ್ಲೇಡು, ಹಲ್ಲು ಮುರಿದು ಗೋಡೆಗೆ ಬಡಿಯಿತು. ಮರದೊಳಗೆ ಸೀಸದ ಗುಂಡುಗಳೂ ಕಬ್ಬಿಣದ ಚೂರುಗಳೂ ಇದ್ದವು, ನಾಡಬಂದೂಕಿಗೆ ತುಂಬುವಂಥವು. ಹಳೆಯ ಏಟಾಗಿದ್ದರೆ ಮರ ಅದರ ಸುತ್ತ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಈ ತೂತುಗಳು ತೊಗಟೆಯಿಂದಲೇ ಬಾಯಿ ಬಿಟ್ಟುಕೊಂಡಿದ್ದವು. ಅಬ್ಬಾ ಉಳಿಯ ಮೊನೆಯಿಂದ ಒಂದನ್ನು ಕೆದಕಿ ತೆಗೆದರು. ಅದರ ಹಿಂದೆ, ಗುಂಡೇ ಒಳಗೆ ತಳ್ಳಿಕೊಂಡು ಬಂದಿದ್ದ ಒಂದು ಚೂರು ಬಟ್ಟೆ ಸಿಕ್ಕಿತು. ಖಾಕಿ ಬಟ್ಟೆ. ಅದರಲ್ಲಿ ನೀಲಿ ದಾರದ ಹೊಲಿಗೆ.

ಆಗ ನನಗೆ ಏನೂ ಹೊಳೆಯಲಿಲ್ಲ. ಮಾರನೆಯ ದಿನ ಕುದೇರಿನ ಚಿಕ್ಕಮಲ್ಲಮ್ಮ ಬಂದಳು, ನಮ್ಮ ಬೀದಿಗೆ ಸೊಪ್ಪು ತರುತ್ತಾಳಲ್ಲ, ಅವಳೇ. ಬುಟ್ಟಿ ಇರಲಿಲ್ಲ. ಅವಳ ಗಂಡ ದೊರೆಸ್ವಾಮಿ ಗುಂಡ್ಲುಪೇಟೆ ಕಡೆ ಫಾರೆಸ್ಟ್ ವಾಚರ್ ಆಗಿದ್ದದ್ದು ನಿನಗೂ ಗೊತ್ತು. "ದಸರಾ ಮುಂಚೆ ಡ್ಯೂಟಿಗೆ ಓದೋರು ಬಂದೇ ಇಲ್ಲ ಕಣವ್ವ. ಆನೆ ಗೀನೆ ತುಳ್ದಿರ್ಬೋದು ಅಂತಾರೆ. ಎಣಾನೂ ಸಿಕ್ಕಿಲ್ಲ. ಪೋಲೀಸ್ನೋರು ಬಟ್ಟೆ ಗುರ್ತು ಕೇಳವ್ರೆ. ಎದೆ ಜೇಬು ಕಿತ್ತೋಗಿತ್ತು, ಕಾಕಿ ದಾರ ಸಿಕ್ಲಿಲ್ಲ, ನೀಲಿ ದಾರ್ದಲ್ಲೇ ಒಲ್ದು ಕಳಿಸ್ದೆ ಅಂದೆ" ಎಂದು ಜಗಲಿಯ ಮೇಲೆ ಕುಳಿತುಬಿಟ್ಟಳು. ನಾನು ಅವಳಿಗೆ ನೀರು ಕೊಟ್ಟೆ.

ಒಳಗಿದ್ದ ಅಬ್ಬಾ ಎಲ್ಲ ಕೇಳಿಸಿಕೊಂಡಿದ್ದರು. ಗುಂಡಿರುವ ಆ ಮರದ ತುಂಡನ್ನು ಬಟ್ಟೆ ಸಮೇತ ಒಲೆಗೆ ಹಾಕು, ನಮ್ಮ ಹುಡುಗ ಸುಧಾಕರನ ಕೈಯಲ್ಲಿದ್ದಾನೆ, ಕ್ಯೂ ಮುಗಿಸಿ ಕೊಟ್ಟು ಕೈತೊಳೆದುಕೊಳ್ಳೋಣ ಎಂದರು. ಅಂಟು ಹಚ್ಚಲು ಅವರೇ ಕುಳಿತರು. ಹಾಳೆ ಜಾರದಂತೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುವಾಗ ಹದ ಮೀರಿದರೆ ಅಂಟೆಲ್ಲ ಹೊರಗೆ ಹರಿದು ಒಳಗೆ ಏನೂ ಉಳಿಯುವುದಿಲ್ಲ ಎಂದು ನಮಗೆ ಕಲಿಸಿದವರು ಅವರು. ಆವತ್ತು ಹಲ್ಲು ಕಚ್ಚಿ ಬಿಗಿದರು. ಬಿಚ್ಚಿದಾಗ ಮೊನೆಗಳು ಬಾಯಿ ಬಿಟ್ಟಿದ್ದವು. ಮತ್ತೆ ಕೆರೆದು, ಮತ್ತೆ ಹಚ್ಚಿದೆವು.

ನಿನ್ನೆ ಸುಧಾಕರ್ ಬಂದ. ಕ್ಯೂ ಕಡೆ ಸರಿಯಾಗಿ ನೋಡಲೂ ಇಲ್ಲ. ಮರದೊಳಗೆ ಏನು ಉಳಿದಿರಬಹುದು ಎಂದು ಅವನಿಗೆ ಈಗ ಹೊಳೆದಿರಬೇಕು. "ಮಿಕ್ಕಿದ್ ಮರ ಎಲ್ಲಾ ಕೊಟ್ಬುಡಿ" ಎಂದು ತುಂಡುಗಳನ್ನು ನೆಲದ ಮೇಲೆ ಹಲಗೆಯಂತೆ ಜೋಡಿಸಿದ. ತೊಗಟೆಯ ಕಡೆ ಒಂದು ಜಾಗ ಖಾಲಿ ಉಳಿಯಿತು. ಒಲೆಗೆ ಹಾಕಿದೆವು ಎಂದರು ಅಬ್ಬಾ. ಅವನು ಮುರಿದ ಬ್ಲೇಡನ್ನು ಎತ್ತಿ ನೋಡಿ, ಕೆಳಗಿಟ್ಟು, ನನ್ನ ಮುಖ ನೋಡಿದ. "ಫಹೀಮು ಒಳ್ಳೇ ಉಡ್ಗ. ಇನ್ಮೇಲೆ ರೆಸಾರ್ಟಲ್ಲಿ ಬ್ಯಾಡ, ಕಾಡಂಚ್ನಲ್ಲಿ ನಮ್ ತೋಟದ್ಮನೆ ಐತೆ, ಗುರುವಾರ ಅಲ್ಲಿಗೆ ಕರ್ಕೊಂಡೋಯ್ತೀನಿ" ಅಂದ. ಜೋರಾಗಿ ಅನ್ನಲಿಲ್ಲ ಭೈಯಾ, ನಗುತ್ತಲೇ ಅಂದ.

ಆ ತುಂಡನ್ನು ನಾನು ಒಲೆಗೆ ಹಾಕಿರಲಿಲ್ಲ. ಬಟ್ಟೆಯ ಜೊತೆ ಅಕ್ಕಿ ಡಬ್ಬಿಯಲ್ಲಿದೆ. ಏನು ಮಾಡಲಿ ಎಂದು ತೋಚದೆ ನಿನಗೆ ಬರೆಯುತ್ತಿದ್ದೇನೆ. ಬುಧವಾರ ನೀನು ತರಕಾರಿಗೆಂದು ಗುಂಡ್ಲುಪೇಟೆ ಪೇಟೆಗೆ ಬರುತ್ತೀಯಲ್ಲ. ನನ್ನ ಜೊತೆ ಓದಿದ ರಂಜಿನಿ ಈಗ ಅದೇ ರೂಟಿನಲ್ಲಿ ಕಂಡಕ್ಟರ್. ಅವಳೇ ಇದನ್ನು ನಿನ್ನ ಕೈಗೆ ಕೊಡುತ್ತಾಳೆ. ಅಮ್ಮಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾರೆ. ಅವರಿಗೆ ಇದೊಂದೂ ಗೊತ್ತಿಲ್ಲ. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ನಜೀಮಾ

ತಾ.ಕ.: ಇದು ಬುಧವಾರ ಬೆಳಿಗ್ಗೆ ಬರೆದದ್ದು. ಕವರಿಗೆ ಹಾಕುವಾಗ ಅಬ್ಬಾ ಕಂಡುಬಿಟ್ಟರು. ಬೈಯಲಿಲ್ಲ. ಓದಿ ಹೇಳು ಎಂದರು. ಪೂರ್ತಿ ಓದಿದೆ. ತೋಟದ ಮನೆಯ ಮಾತು ಬಂದಾಗ ಎದ್ದು ಟೋಪಿ ಹಾಕಿಕೊಂಡು, ಅಕ್ಕಿ ಡಬ್ಬಿಯಿಂದ ತಾವೇ ತುಂಡು ತೆಗೆದು, ಚಿಕ್ಕಮಲ್ಲಮ್ಮನನ್ನು ಕರೆದುಕೊಂಡು ಎಸ್ಪಿ ಆಫೀಸಿಗೆ ಹೋದರು. ನೀನು ಇದನ್ನು ಓದುವಷ್ಟರಲ್ಲಿ ಸುದ್ದಿ ಗುಂಡ್ಲುಪೇಟೆಗೆ, ಸುಧಾಕರನ ಕಿವಿಗೂ ಮುಟ್ಟಿರುತ್ತದೆ. ತರಕಾರಿ ಅಲ್ಲೇ ಬಿಡು, ರೆಸಾರ್ಟಿಗೆ ಹಿಂತಿರುಗಬೇಡ. ಇದನ್ನು ಕೊಟ್ಟ ರಂಜಿನಿಯ ಬಸ್ಸಿಗೇ ಹತ್ತಿ ನೇರ ಅಬ್ಬಾ ಇರುವಲ್ಲಿಗೆ ಹೋಗು. ಮನೆ ಕಡೆ ಬರಲೇಬೇಡ. ಎದುರಿನ ಟೀ ಅಂಗಡಿ ಬೆಂಚಿನ ಮೇಲೆ ಗುರುತಿಲ್ಲದವರಿಬ್ಬರು ಕುಳಿತಿದ್ದಾರೆ, ಟೀ ಕುಡಿಯುತ್ತಿಲ್ಲ. ನಾನು ಹಿತ್ತಲ ಬಾಗಿಲಿಂದ ಅಮ್ಮಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.